ಗಳಿಕೆಯ ಶುದ್ಧಿ, ದಾನದ ಅರ್ಹತೆ: ಕನ್ನಡ ನಾಡಿನ ವಣಿಕಧರ್ಮ

ಕರ್ನಾಟಕದ ದಾನಶಾಸನಗಳಲ್ಲಿ ಅರಸರು, ರಾಣಿಯರು, ದಂಡನಾಯಕರು ಕಾಣಿಸಿಕೊಳ್ಳುವಷ್ಟೇ ಸಹಜವಾಗಿ ಸೆಟ್ಟಿಗಳು, ನಖರಗಳು, ಗವರೆಗಳು, ಮುಮ್ಮುರಿದಂಡಗಳು ಕಾಣಿಸಿಕೊಳ್ಳುತ್ತಾರೆ. ಬಸದಿ, ದೇವಾಲಯ, ಕೆರೆ, ಸತ್ರಗಳಿಗೆ ಅವರು ಬಿಟ್ಟುಕೊಟ್ಟ ಸುಂಕ, ಭೂಮಿ, ಹೊನ್ನುಗಳ ವಿವರ ನೂರಾರು ಕಲ್ಲುಗಳ ಮೇಲಿದೆ. ಇವನ್ನು ಮುಂದಿಟ್ಟುಕೊಂಡು, ಇಂದು ‘ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ’ ಎಂದು ಕರೆಯಲಾಗುವ ಪದ್ಧತಿ ಈ ನಾಡಿಗೆ ಹೊಸತಲ್ಲ ಎಂದು ಹೇಳುವುದು ವಾಡಿಕೆಯಾಗಿದೆ. ಈ ಮಾತು ಅರ್ಧ ಮಾತ್ರ ನಿಜ. ಗಳಿಸಿದ್ದರಲ್ಲಿ ಒಂದು ಪಾಲನ್ನು ಸಮಾಜಕ್ಕೆ ಕೊಡುವ ರೂಢಿ ಹಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಕಾಲದ ಶಾಸ್ತ್ರವೂ ಸಾಹಿತ್ಯವೂ ‘ಎಷ್ಟು ಕೊಟ್ಟೆ’ ಎಂಬ ಪ್ರಶ್ನೆಗಿಂತ ಮೊದಲು ‘ಕೊಟ್ಟದ್ದು ನಿನ್ನದೇ’ ಎಂಬ ಪ್ರಶ್ನೆಯನ್ನು ಇಟ್ಟಿದ್ದವು. ವಾಡಿಕೆಯ ಮಾತಿನಲ್ಲಿ ಬಿಟ್ಟುಹೋಗುವುದು ಈ ಮೊದಲನೆಯ ಪ್ರಶ್ನೆಯೇ. ಕನ್ನಡ ನಾಡಿನ ವಣಿಕಧರ್ಮದ ಇತಿಹಾಸವನ್ನು ಈ ಎರಡು ಪ್ರಶ್ನೆಗಳ ಬೆಳಕಿನಲ್ಲಿ ನೋಡಿದಾಗ ಅದರ ಹಿರಿಮೆಯೂ ಮಿತಿಯೂ ಸ್ಪಷ್ಟವಾಗುತ್ತವೆ.

ಶ್ರಾವಕಾಚಾರದಲ್ಲಿ ವ್ಯಾಪಾರ

ಜೈನ ಪರಂಪರೆಯಲ್ಲಿ ಗೃಹಸ್ಥನಿಗೆ ವಿಧಿಸಿರುವ ಐದು ಅಣುವ್ರತಗಳು ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ ಮತ್ತು ಪರಿಗ್ರಹ ಪರಿಮಾಣ. ಇವುಗಳ ಹೆಸರು ಎಲ್ಲರಿಗೂ ಪರಿಚಿತ. ಅಷ್ಟಾಗಿ ಚರ್ಚೆಗೆ ಬಾರದಿರುವುದು ಪ್ರತಿಯೊಂದು ವ್ರತಕ್ಕೂ ಹೇಳಿರುವ ಐದೈದು ಅತಿಚಾರಗಳು. ಅತಿಚಾರವೆಂದರೆ ವ್ರತದ ಸಂಪೂರ್ಣ ಭಂಗವಲ್ಲ. ವ್ರತವನ್ನು ಉಳಿಸಿಕೊಂಡಿದ್ದೇನೆ ಎಂಬ ಭಾವನೆಯಲ್ಲಿಯೇ ಅದರ ಒಂದು ಅಂಶವನ್ನು ಕೆಡಿಸುವುದು. ‘ನಾನು ಕದ್ದಿಲ್ಲವಲ್ಲ’ ಎಂದು ಹೇಳಿಕೊಳ್ಳಬಲ್ಲವನು ಮಾಡುವ ತಪ್ಪುಗಳ ಪಟ್ಟಿ ಅದು. ಆದ್ದರಿಂದಲೇ ಅದು ಕಳ್ಳನಿಗಿಂತ ಹೆಚ್ಚಾಗಿ ವ್ಯಾಪಾರಿಗೆ ಅನ್ವಯಿಸುತ್ತದೆ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯ ವ್ರತಕ್ಕೆ ಹೇಳುವ ಅತಿಚಾರಗಳು ಹೀಗಿವೆ: ಕಳವಿಗೆ ಪ್ರೇರಣೆ ಕೊಡುವುದು, ಕಳವಿನ ವಸ್ತುವನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಕೊಳ್ಳುವಾಗ ಒಂದು ಅಳತೆ ಮಾರುವಾಗ ಇನ್ನೊಂದು ಅಳತೆ ಬಳಸುವುದು, ಒಳ್ಳೆಯ ಸರಕಿನಂತೆ ಕಾಣುವ ಕೀಳು ಸರಕನ್ನು ಬೆರೆಸಿ ಅಥವಾ ಬದಲಿಸಿ ಮಾರುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಅಲ್ಪ ಸ್ವಲ್ಪ ಹೆಸರುಭೇದದೊಡನೆ ಇವನ್ನೇ ಹೇಳುತ್ತದೆ. ಈ ಐದರಲ್ಲಿ ಯಾವುದೂ ಕನ್ನ ಕೊರೆದು ಮಾಡುವ ಕಳ್ಳತನವಲ್ಲ. ಐದೂ ಅಂಗಡಿಯಲ್ಲಿ ಕುಳಿತು, ಹಗಲು ಹೊತ್ತಿನಲ್ಲಿ, ಲೆಕ್ಕಪುಸ್ತಕವನ್ನು ತೆರೆದಿಟ್ಟುಕೊಂಡೇ ಮಾಡಬಹುದಾದವು. ಕದ್ದ ಮಾಲನ್ನು ಅಗ್ಗಕ್ಕೆ ಕೊಂಡವನು ಸ್ವತಃ ಕದ್ದಿಲ್ಲವಾದರೂ ಹೊಣೆಗಾರನೇ ಎಂಬ ನಿಲುವು ವಿಶೇಷವಾದುದು. ಸರಕು ಎಲ್ಲಿಂದ, ಯಾರ ಕೈಯಿಂದ, ಹೇಗೆ ಬಂದಿತೆಂಬುದನ್ನು ವಿಚಾರಿಸುವುದು ಕೊಳ್ಳುವವನ ಕರ್ತವ್ಯವೆಂದು ಇದು ಸಾರುತ್ತದೆ.

ಸತ್ಯವ್ರತದ ಅತಿಚಾರಗಳಲ್ಲಿ ಎರಡು ನೇರವಾಗಿ ವ್ಯವಹಾರಕ್ಕೆ ಸೇರಿದವು. ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಪತ್ರ, ಸುಳ್ಳು ಲೆಕ್ಕಗಳ ಸೃಷ್ಟಿ. ಇನ್ನೊಂದು ನ್ಯಾಸಾಪಹಾರ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ಬಗೆ ಸೂಕ್ಷ್ಮವಾಗಿದೆ. ಒಬ್ಬನು ಹೊನ್ನನ್ನು ಇನ್ನೊಬ್ಬನಲ್ಲಿ ನಂಬಿಕೆಯ ಮೇಲೆ ಇಟ್ಟಿರುತ್ತಾನೆ. ಕಾಲಾಂತರದಲ್ಲಿ ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹಾಗೆಯೇ ಆಗಲಿ’ ಎಂದು ಅಷ್ಟನ್ನೇ ಕೊಡುತ್ತಾನೆ. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ; ಕೇಳಿದ್ದನ್ನು ಕೊಟ್ಟಾಗಿದೆ. ಆದರೂ ಸತ್ಯವ್ರತಕ್ಕೆ ಧಕ್ಕೆಯಾಗಿದೆ. ಎದುರಿನವನ ಅಜ್ಞಾನದಿಂದ ಬರುವ ಲಾಭವು ಲಾಭವಲ್ಲ ಎಂಬ ಈ ತೀರ್ಮಾನವು ವ್ಯಾಪಾರನೀತಿಯ ಯಾವ ಪಠ್ಯಕ್ಕೂ ಮೊದಲ ಪಾಠವಾಗಬಲ್ಲದು.

ಪರಿಗ್ರಹ ಪರಿಮಾಣಕ್ಕೆ ಸಮಂತಭದ್ರರು ಕೊಡುವ ಅತಿಚಾರಗಳು ಇನ್ನೂ ಬೆರಗು ಹುಟ್ಟಿಸುತ್ತವೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಪ್ರಭಾಚಂದ್ರರ ಟೀಕೆಯಂತೆ ಅತಿವಾಹನವೆಂದರೆ ಎತ್ತು ಮೊದಲಾದವನ್ನು ಅವು ಸುಖವಾಗಿ ನಡೆಯಬಲ್ಲ ದಾರಿಗಿಂತ ಹೆಚ್ಚು ದೂರ ಲೋಭದಿಂದ ನಡೆಸುವುದು. ಅತಿಸಂಗ್ರಹವೆಂದರೆ ಮುಂದೆ ಹೆಚ್ಚು ಲಾಭ ಬರುವುದೆಂದು ಧಾನ್ಯಾದಿಗಳನ್ನು ಮಿತಿಮೀರಿ ಕೂಡಿಡುವುದು. ಅತಿಭಾರವಹನವೆಂದರೆ ತಾಳಲಾರದ ಹೊರೆಯನ್ನು ಹೇರುವುದು. ಅಹಿಂಸಾವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣದ ಜೊತೆಗೆ ಅನ್ನಪಾನಗಳನ್ನು ತಡೆಯುವುದೂ ಸೇರಿದೆ. ಎತ್ತಿನ ಹೇರುಗಳೇ ಸರಕು ಸಾಗಣೆಯ ಮುಖ್ಯ ಸಾಧನವಾಗಿದ್ದ ಕಾಲದಲ್ಲಿ ದುಡಿಯುವ ಜೀವದ ಶ್ರಮಕ್ಕೆ ಒಂದು ಮಿತಿ ಇರಬೇಕೆಂಬುದು ಸಂಪತ್ತಿನ ಮಿತಿಯ ಅಡಿಯಲ್ಲಿಯೇ ಬಂದಿರುವುದು ಗಮನಾರ್ಹ. ಲೋಭಕ್ಕೆ ಮೊದಲು ಬಲಿಯಾಗುವುದು ಹೊರೆ ಹೊರುವ ಜೀವ ಎಂಬ ಅರಿವು ಈ ವಿಂಗಡಣೆಯ ಹಿಂದಿದೆ.

ಈ ಎಲ್ಲದರ ತಾರ್ಕಿಕ ಸಮಾಪ್ತಿ ದಾನದ ಲಕ್ಷಣದಲ್ಲಿದೆ. ತತ್ತ್ವಾರ್ಥಸೂತ್ರವು ದಾನವನ್ನು ನಿರೂಪಿಸುವಾಗ ಅನುಗ್ರಹಕ್ಕಾಗಿ ‘ಸ್ವ’ವನ್ನು, ಎಂದರೆ ತನ್ನದನ್ನು, ಬಿಟ್ಟುಕೊಡುವುದೆಂದು ಹೇಳುತ್ತದೆ. ಆ ಒಂದು ಅಕ್ಷರದ ಭಾರ ದೊಡ್ಡದು. ತನ್ನದಲ್ಲದ್ದನ್ನು ಕೊಟ್ಟರೆ ಅದು ದಾನವೇ ಆಗಲಾರದು. 13ನೆಯ ಶತಮಾನದ ಆಶಾಧರನು ಸಾಗಾರಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಅರ್ಹನಾದವನ ಗುಣಗಳನ್ನು ಎಣಿಸುವಾಗ ಮೊದಲಿಗೆ ಹೇಳುವುದು ನ್ಯಾಯದಿಂದ ಗಳಿಸಿದ ಧನವನ್ನು. ಅವನಿಗಿಂತ ಹಿಂದಿನ ಹೇಮಚಂದ್ರನ ಯೋಗಶಾಸ್ತ್ರದಲ್ಲಿಯೂ ಗೃಹಸ್ಥನ 35 ಗುಣಗಳ ಪಟ್ಟಿ ಆರಂಭವಾಗುವುದು ಇದರಿಂದಲೇ. ಪೂಜೆ, ದಾನ, ವ್ರತಗಳೆಲ್ಲ ಅನಂತರದವು. ಗಳಿಕೆಯ ಶುದ್ಧಿ ದಾನದ ಅಲಂಕಾರವಲ್ಲ, ಅದರ ಅರ್ಹತೆ.

ಮುಳುಗುಂದದಿಂದ ನಯಸೇನನವರೆಗೆ

ಈ ಶಾಸ್ತ್ರವಿಚಾರ ಕೇವಲ ಸಂಸ್ಕೃತ ಪ್ರಾಕೃತಗಳ ಪಂಡಿತವರ್ಗದಲ್ಲಿ ಉಳಿಯಲಿಲ್ಲ. ಗದಗ ಜಿಲ್ಲೆಯ ಮುಳಗುಂದ, ಶಾಸನಗಳ ಮುಳುಗುಂದ, ಇದಕ್ಕೆ ಒಳ್ಳೆಯ ನಿದರ್ಶನ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, 902ರ ಸುಮಾರಿಗೆ, ವೈಶ್ಯಕುಲದ ಚೀಕಾರ್ಯನು ಅಲ್ಲಿ ಜಿನಾಲಯವನ್ನು ಕಟ್ಟಿಸಿದ. ವಣಿಕನೊಬ್ಬನ ಧನದಿಂದ ಎದ್ದ ಬಸದಿಯುಳ್ಳ ಆ ಊರಿನಲ್ಲಿಯೇ ಎರಡು ಶತಮಾನಗಳ ಅನಂತರ, 1112ರಲ್ಲಿ, ನಯಸೇನನು ಧರ್ಮಾಮೃತವನ್ನು ರಚಿಸಿದ. ಸಮ್ಯಗ್ದರ್ಶನ, ಅದರ ಎಂಟು ಅಂಗಗಳು ಮತ್ತು ಐದು ಅಣುವ್ರತಗಳು ಸೇರಿ 14 ವಿಷಯಗಳಿಗೆ 14 ಆಶ್ವಾಸಗಳಲ್ಲಿ ಕಥೆಗಳನ್ನು ಹೇಳುವುದು ಈ ಕೃತಿಯ ವಿನ್ಯಾಸ. ಸಂಸ್ಕೃತವನ್ನು ಅತಿಯಾಗಿ ಬೆರೆಸುವ ಕವಿಗಳನ್ನು ಅವನು ಟೀಕಿಸಿದ್ದು, ಗಾದೆ, ದೃಷ್ಟಾಂತಗಳನ್ನು ಹೇರಳವಾಗಿ ಬಳಸಿದ್ದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಈ ದೇಸಿ ಶೈಲಿಯ ಪ್ರಶ್ನೆಯನ್ನು ಓದುಗವರ್ಗದ ಪ್ರಶ್ನೆಯಾಗಿಯೂ ನೋಡಬಹುದು. ಅಣುವ್ರತಗಳು ಗೃಹಸ್ಥರಿಗಾಗಿ ಇರುವವು. ಗೃಹಸ್ಥರಲ್ಲಿ ಅಂಗಡಿ, ಹೊಲ, ಕಸುಬುಗಳಲ್ಲಿ ದಿನ ಕಳೆಯುವವರೇ ಹೆಚ್ಚು. ಅವರಿಗೆ ಅಚೌರ್ಯದ ಸೂಕ್ಷ್ಮವನ್ನು ತಿಳಿಸಬೇಕಾದರೆ ಅವರ ಮಾತಿನಲ್ಲಿಯೇ ಹೇಳಬೇಕು.

ಕವಿಗಳಲ್ಲಿಯೂ ವಣಿಕಕುಲದವರಿದ್ದರು. ಹರಿವಂಶಾಭ್ಯುದಯ ಮತ್ತು ಜೀವಸಂಬೋಧನೆಗಳ ಕರ್ತೃ ಬಂಧುವರ್ಮನು ವೈಶ್ಯನೆಂದು ಕವಿಚರಿತೆ ಗುರುತಿಸುತ್ತದೆ. ಹನ್ನೆರಡು ಅನುಪ್ರೇಕ್ಷೆಗಳನ್ನು ವಿವರಿಸುವ ಜೀವಸಂಬೋಧನೆಯಲ್ಲಿ ಸಂಪತ್ತಿನ ಅನಿತ್ಯತೆಯ ವಿಚಾರ ಮೊದಲಿಗೇ ಬರುತ್ತದೆ. ಸಂಪತ್ತಿನ ನಡುವೆ ಬದುಕುವ ಕುಲದಲ್ಲಿ ಹುಟ್ಟಿದವನ ಬರಹವೆಂಬ ಅಂಶ ಆ ವಿಚಾರಕ್ಕೆ ಬೇರೊಂದು ತೂಕವನ್ನು ಕೊಡುತ್ತದೆ.

ಅಯ್ಯಾವೊಳೆ ಐನೂರ್ವರು: ಸುಂಕ ಮೊದಲು, ದಾನ ಆಮೇಲೆ

ಮಧ್ಯಕಾಲೀನ ದಕ್ಷಿಣ ಭಾರತದ ವ್ಯಾಪಾರಿ ಸಂಘಗಳಲ್ಲಿ ಅತ್ಯಂತ ದೊಡ್ಡದು ಅಯ್ಯಾವೊಳೆ ಐನೂರ್ವರ ಸಂಘ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ಈ ಸಂಘ ಕನ್ನಡ, ತೆಲುಗು, ತಮಿಳು ನಾಡುಗಳನ್ನು ವ್ಯಾಪಿಸಿ ಸಮುದ್ರದಾಚೆಗೂ ಹಬ್ಬಿತ್ತು. ಜೈನ, ಶೈವ, ವೈಷ್ಣವ ಭೇದವಿಲ್ಲದೆ ಎಲ್ಲ ದೇವಾಲಯಗಳಿಗೂ ಇವರು ದಾನ ಕೊಟ್ಟಿದ್ದಾರೆ. ತಮ್ಮ ನಡವಳಿಕೆಯ ಸಂಹಿತೆಯನ್ನು ಇವರು ವೀರಬಣಂಜು ಧರ್ಮವೆಂದು ಕರೆದುಕೊಂಡರು. ಸತ್ಯ, ಶೌಚ, ಆಚಾರ, ನಯ, ವಿನಯಗಳಿಂದ ಕೂಡಿದವರೆಂಬುದು ಇವರ ಪ್ರಶಸ್ತಿಗಳಲ್ಲಿ ಮರಳಿ ಮರಳಿ ಬರುವ ವರ್ಣನೆ.

ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಒಂದು ಶಾಸನವು ಇವರ ಸಂಚಾರ ಮತ್ತು ಸರಕುಗಳನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ ಮೊದಲಾದ ದೇಶಗಳಲ್ಲಿ ನೆಲದ ದಾರಿ, ಜಲದ ದಾರಿಗಳಲ್ಲಿ ಸಂಚರಿಸುವವರು. ಆನೆ, ಕುದುರೆ, ಇಂದ್ರನೀಲ, ಮುತ್ತು, ಮಾಣಿಕ್ಯ, ವಜ್ರ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳನ್ನು ಸಗಟಾಗಿಯೂ ಹೆಗಲ ಮೇಲೆ ಹೊತ್ತು ಚಿಲ್ಲರೆಯಾಗಿಯೂ ಮಾರುವವರು. ಅದಾದ ಮೇಲೆ ಬರುವ ಮಾತು ಮುಖ್ಯವಾದುದು. ಸುಂಕದ ಆದಾಯಕ್ಕೆ ನಷ್ಟ ಬಾರದಂತೆ ಅವರು ಚಕ್ರವರ್ತಿಯ ಹೊನ್ನಿನ ಭಂಡಾರವನ್ನೂ ರತ್ನಭಂಡಾರವನ್ನೂ ಆಯುಧಾಗಾರವನ್ನೂ ತುಂಬುತ್ತಾರೆ; ಉಳಿದುದರಲ್ಲಿ ಪಂಡಿತರಿಗೂ ಮುನಿಗಳಿಗೂ ನಿತ್ಯವೂ ದಾನ ಮಾಡುತ್ತಾರೆ. ಈ ವಾಕ್ಯದ ಅನುಕ್ರಮದಲ್ಲಿಯೇ ಒಂದು ನೀತಿ ಅಡಗಿದೆ. ಮೊದಲು ವ್ಯಾಪಾರ, ಅನಂತರ ರಾಜ್ಯಕ್ಕೆ ಸಲ್ಲಬೇಕಾದ ಸುಂಕ, ಉಳಿದುದರಲ್ಲಿ ದಾನ. ಸುಂಕವನ್ನು ತಪ್ಪಿಸಿ ಮಿಗಿಸಿದ ಹಣದಿಂದ ಮಾಡುವ ದಾನಕ್ಕೆ ಈ ಅನುಕ್ರಮದಲ್ಲಿ ಸ್ಥಳವಿಲ್ಲ. ರಾಜ್ಯದ ಕಟ್ಟಳೆಯನ್ನು ಮೀರುವುದು ಅಚೌರ್ಯದ ಅತಿಚಾರವೆಂದು ಶ್ರಾವಕಾಚಾರ ಹೇಳಿದ್ದಕ್ಕೂ ಇದಕ್ಕೂ ಇರುವ ಹೊಂದಿಕೆ ಆಕಸ್ಮಿಕವಿರಲಾರದು.

ಸಂಘವು ದಾನ ಮಾಡುತ್ತಿದ್ದ ವಿಧಾನವೂ ವಿಶಿಷ್ಟ. ಒಬ್ಬೊಬ್ಬರ ಔದಾರ್ಯಕ್ಕೆ ಬಿಡದೆ, ಸಂತೆಗೆ ಬರುವ ಸರಕಿನ ಮೇಲೆ ಹೇರಿಗಿಷ್ಟು, ಬಂಡಿಗಿಷ್ಟು ಎಂದು ತಾವೇ ಕೂಡಿ ನಿರ್ಣಯಿಸುತ್ತಿದ್ದರು. ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ವೇಣುಗ್ರಾಮದ, ಎಂದರೆ ಬೆಳಗಾವಿಯ, ರಟ್ಟ ಜಿನಾಲಯಕ್ಕೆ ಇಂಥ ಆಯಗಳನ್ನು ಬಿಟ್ಟುಕೊಟ್ಟವರಲ್ಲಿ ಸ್ಥಳೀಯ ವ್ಯಾಪಾರಿಗಳಷ್ಟೇ ಅಲ್ಲ, ಲಾಳ ಮತ್ತು ಮಲೆಯಾಳ ದೇಶಗಳಿಂದ ಬಂದಿದ್ದವರೂ ಇದ್ದರು. ವ್ಯಾಪಾರ ನಡೆಸುವ ಊರಿಗೆ ವ್ಯಾಪಾರಿಯು ಋಣಿಯೆಂಬ ಭಾವನೆ ಹುಟ್ಟೂರಿನ ಅಭಿಮಾನವನ್ನು ಮೀರಿದ್ದೆಂಬುದಕ್ಕೆ ಇದು ಸಾಕ್ಷಿ.

ಆದರೆ ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಎಚ್ಚರಿಕೆ ಬೇಕು. ಪ್ರಶಸ್ತಿಗಳು ವಣಿಕರು ತಮ್ಮನ್ನು ಕುರಿತು ತಾವೇ ಬರೆಸಿದವು. ಕಲ್ಲಿನ ಮೇಲಿನ ‘ಸತ್ಯ’, ‘ಶೌಚ’ಗಳು ಆದರ್ಶಕ್ಕೆ ಸಾಕ್ಷಿಯೇ ಹೊರತು ಆಚರಣೆಗೆ ಅಲ್ಲ. ಅಲ್ಲದೆ ಹೇರಿನ ಮೇಲೆ ವಿಧಿಸಿಕೊಂಡ ಆಯದ ಭಾರ ಕೊನೆಗೆ ಯಾರ ಮೇಲೆ ಬಿತ್ತು ಎಂಬ ಪ್ರಶ್ನೆಯೂ ಇದೆ. ಅದು ಸರಕಿನ ಬೆಲೆಯಲ್ಲಿ ಸೇರಿದ್ದರೆ ದಾನಿಯ ಹೆಸರು ಸೆಟ್ಟಿಯದು, ದಾನದ ಹಣ ಕೊಳ್ಳುವವನದು. ಈ ಸಂದೇಹವನ್ನು ಶಾಸನಗಳು ಪರಿಹರಿಸುವುದಿಲ್ಲ.

ಅದೇ ನಾಡಿನ 12ನೆಯ ಶತಮಾನದ ವಚನಕಾರರು ಈ ಪ್ರಶ್ನೆಯನ್ನು ಬೇರೊಂದು ತುದಿಯಿಂದ ಎತ್ತಿಕೊಂಡರು. ಆಯ್ದಕ್ಕಿ ಮಾರಯ್ಯನ ಪ್ರಸಂಗ ಕನ್ನಡಿಗರೆಲ್ಲರಿಗೂ ಗೊತ್ತು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಮಡದಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಆ ಅಕ್ಕಿ ದಾಸೋಹಕ್ಕೇ ಹೋಗುವುದಿತ್ತು. ಆದರೂ ಉದ್ದೇಶದ ಒಳ್ಳೆಯತನ ಗಳಿಕೆಯ ಆಸೆಯನ್ನು ಶುದ್ಧಗೊಳಿಸಲಾರದು ಎಂಬುದು ಅವಳ ನಿಲುವು. ಕಾಯಕವು ಸತ್ಯಶುದ್ಧವಾಗಿದ್ದರೆ ಮಾತ್ರ ದಾಸೋಹಕ್ಕೆ ಬೆಲೆ. ಶ್ರಾವಕಾಚಾರದ ‘ಸ್ವ’ ಎಂಬ ಮಾತೂ ಶರಣರ ‘ಸತ್ಯಶುದ್ಧ’ ಎಂಬ ಮಾತೂ ಬೇರೆ ಬೇರೆ ದರ್ಶನಗಳಿಂದ ಹೊರಟು ಒಂದೇ ಕಡೆ ಬಂದು ನಿಲ್ಲುತ್ತವೆ.

ಬೆಳಗೊಳದ ವಣಿಕರು

ಒಂದೇ ಊರಿನಲ್ಲಿ ವಣಿಕಧರ್ಮದ ಶತಮಾನಗಳ ಇತಿಹಾಸವನ್ನು ಓದಬೇಕಾದರೆ ಶ್ರವಣಬೆಳಗೊಳಕ್ಕಿಂತ ಬೇರೆ ಸ್ಥಳವಿಲ್ಲ. ಊರೊಳಗಿನ ನಗರ ಜಿನಾಲಯವನ್ನು ಹೊಯ್ಸಳ ಇಮ್ಮಡಿ ಬಲ್ಲಾಳನ ಪಟ್ಟಣಸ್ವಾಮಿ ನಾಗದೇವನು 1195ರ ಸುಮಾರಿಗೆ ಕಟ್ಟಿಸಿದ. ಅದರ ರಕ್ಷಣೆಯ ಹೊಣೆ ಊರಿನ ನಖರದ್ದಾದ್ದರಿಂದ ಬಸದಿಗೆ ಆ ಹೆಸರು ಬಂದಿತು. ಕಟ್ಟಿಸಿದವನ ಹೆಸರಿಗಿಂತ ನೋಡಿಕೊಳ್ಳುವವರ ಹೆಸರು ಉಳಿದುಬಂದದ್ದು ಅರ್ಥಪೂರ್ಣ. 13ನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಳಗೊಳ ಮತ್ತು ಜಿನನಾಥಪುರದ ರತ್ನವ್ಯಾಪಾರಿಗಳು ಸೇರಿ ಈ ಬಸದಿಯ ಜೀರ್ಣೋದ್ಧಾರಕ್ಕಾಗಿ ನೂರಕ್ಕೆ ಒಂದು ಗದ್ಯಾಣದಂತೆ ಕೊಡಲು ತಮ್ಮೊಳಗೆ ಒಪ್ಪಂದ ಮಾಡಿಕೊಂಡರು. ಇದರಲ್ಲಿ ವಂಚನೆ ಮಾಡಿದವನು ದೇವರಿಗೂ ಅರಸನಿಗೂ ಸಮಯಕ್ಕೂ ದ್ರೋಹಿಯೆಂದು ಘೋಷಿಸಿದರು. ಯಾವ ಅರಸನೂ ವಿಧಿಸದ ಪ್ರಮಾಣ ಅದು. ಆದರೆ ಒಮ್ಮೆ ಒಪ್ಪಿದ ಮೇಲೆ ತಪ್ಪಿಸುವುದು ಔದಾರ್ಯದ ಕೊರತೆಯಾಗದೆ ದ್ರೋಹವಾಯಿತು.

ಅದೇ ಕಾಲದ ಇನ್ನೂ ಕೆಲವು ಶಾಸನಗಳಲ್ಲಿ ಗೊಮ್ಮಟೇಶ್ವರನ ನಿತ್ಯಾಭಿಷೇಕದ ಹಾಲಿಗಾಗಿ ಸಣ್ಣ ಸಣ್ಣ ಮೊತ್ತದ ಗದ್ಯಾಣಗಳನ್ನು ಮೂಲಧನವಾಗಿ ಇಟ್ಟವರ ಹೆಸರುಗಳಿವೆ. ಮೂಲ ಹಾಗೆಯೇ ಉಳಿದು ಬಡ್ಡಿಯಿಂದ ಹಾಲು ನಡೆಯಬೇಕು. ಕೊಟ್ಟು ಮರೆಯುವ ದಾನವಲ್ಲ ಇದು. ದಾನಿಯ ಕಾಲಾನಂತರವೂ ನಡೆಯಬೇಕಾದ ಏರ್ಪಾಡು. ಅದನ್ನು ನಡೆಸಲು ನಂಬಿಕೆಗೆ ಅರ್ಹರಾದ ಜನ ಬೇಕು.

1368ರ ಬುಕ್ಕರಾಯನ ಪ್ರಸಿದ್ಧ ಶಾಸನ ಇದೇ ಮಾತನ್ನು ಮುಂದುವರಿಸುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಬಗೆಹರಿಸಿದ ಈ ಶಾಸನದಂತೆ, ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣವನ್ನು ಎತ್ತಿ, ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಕಾವಲುಗಾರರನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳನ್ನು ದುರಸ್ತಿ ಮಾಡಿಸಬೇಕಾಗಿತ್ತು. ಈ ಏರ್ಪಾಡಿನ ಹೊಣೆ ಹೊತ್ತವನು ಶ್ರೀವೈಷ್ಣವನಾದ ತಿರುಮಲೆಯ ತಾತಯ್ಯ. ಒಂದು ಸಮುದಾಯದ ಹಣಕ್ಕೆ ಇನ್ನೊಂದು ಸಮುದಾಯದವನು ಉತ್ತರದಾಯಿಯಾದ ಈ ವ್ಯವಸ್ಥೆಯಲ್ಲಿ ಸೌಹಾರ್ದವಷ್ಟೇ ಅಲ್ಲ, ಸಾರ್ವಜನಿಕ ನಿಧಿಯ ಆಡಳಿತ ಕುರಿತ ವಿವೇಕವೂ ಇದೆ.

ಅಡವು ಬಿದ್ದ ದತ್ತಿಭೂಮಿ

ಇಷ್ಟೆಲ್ಲ ಕಟ್ಟುಪಾಡಿದ್ದರೂ ವ್ಯವಸ್ಥೆ ಕೆಡಲಿಲ್ಲವೆಂದಲ್ಲ. ಕೆಟ್ಟಾಗ ಏನಾಯಿತೆಂಬುದನ್ನು ಹೇಳುವ ಎರಡು ಸಂದರ್ಭಗಳು ಬೆಳಗೊಳದ ಶಾಸನಗಳಲ್ಲಿವೆ.

ಮೊದಲನೆಯದು 1539ರದು. ಮೆಣಸಿನ ವ್ಯಾಪಾರಕ್ಕೆ ಹೆಸರಾದ ಗೇರುಸೊಪ್ಪೆಯ ಚವುಡಿಸೆಟ್ಟಿ ಎಂಬವನು ಬೆಳಗೊಳದ ಕೆಲವರ ಭೂಮಿಯನ್ನು ಅಡವಿನಿಂದ ಬಿಡಿಸಿದ. ಅದಕ್ಕೆ ಪ್ರತಿಯಾಗಿ ಅವರು ತಂಡವೊಂದಕ್ಕೆ ಆಹಾರದಾನ ಮೊದಲಾದ ಸೇವೆಗಳನ್ನು ಆಚಂದ್ರಾರ್ಕವಾಗಿ ನಡೆಸುವುದಾಗಿ ಬರೆದುಕೊಟ್ಟರು. ಸೆಟ್ಟಿಯು ಭೂಮಿಯನ್ನು ತನ್ನದಾಗಿಸಿಕೊಳ್ಳಲಿಲ್ಲ, ಬಡ್ಡಿಯನ್ನು ಬೇಡಲಿಲ್ಲ, ಋಣವನ್ನು ಸುಮ್ಮನೆ ಮನ್ನಾ ಮಾಡಿ ಹೊಲದವರನ್ನು ತನ್ನ ದಾಕ್ಷಿಣ್ಯಕ್ಕೂ ಒಳಪಡಿಸಲಿಲ್ಲ. ತನಗೆ ಸಲ್ಲಬೇಕಾದ ಪ್ರತ್ಯುಪಕಾರವನ್ನು ಮೂರನೆಯವರ ಹಸಿವಿನ ಕಡೆಗೆ ತಿರುಗಿಸಿದ. ಭೂಮಿ ಉತ್ತವನಲ್ಲಿಯೇ ಉಳಿಯಿತು, ಉತ್ತವನೂ ದಾನಿಯಾದ.

ಎರಡನೆಯದು 1634ರದು, ಹೆಚ್ಚು ಜಟಿಲವಾದುದು. ಮೈಸೂರಿನ ಚಾಮರಾಜ ಒಡೆಯರ ಕಾಲದ ಶಿಲಾಶಾಸನ ಮತ್ತು ತಾಮ್ರಶಾಸನಗಳು ಇದನ್ನು ವಿವರಿಸುತ್ತವೆ. ಬೆಳಗೊಳದ ಸ್ಥಾನಿಕರು ದೇವರ ಪೂಜೆಗಾಗಿ ಬಿಟ್ಟಿದ್ದ ಭೂಮಿಗಳನ್ನು ವರ್ತಕ ಗೃಹಸ್ಥರಿಗೆ ಅಡವು ಹಾಕಿದ್ದರು. ಅಡವು ಹಿಡಿದವರು ಬಹುಕಾಲ ಅವನ್ನು ಅನುಭವಿಸುತ್ತ ಬಂದಿದ್ದರು. ಆ ಅವಧಿಯಲ್ಲಿ ಬೆಳಗೊಳದ ಮಠವೇ ಸಂಕಟದಲ್ಲಿತ್ತು. ಚೆನ್ನಪಟ್ಟಣದ ಜಗದೇವರಾಯನ ಉಪಟಳದಿಂದ ಚಾರುಕೀರ್ತಿಗಳು ಸ್ಥಳ ಬಿಟ್ಟು ಗೇರುಸೊಪ್ಪೆಯ ಆಶ್ರಯಕ್ಕೆ ಹೋಗಿದ್ದ ಸಂಗತಿಯನ್ನು ಚಿದಾನಂದ ಕವಿಯ ಮುನಿವಂಶಾಭ್ಯುದಯ ತಿಳಿಸುತ್ತದೆ. ಕೇಳುವವರಿಲ್ಲದ ಕಾಲದಲ್ಲಿ ಕಾಯಬೇಕಾದವರೇ ಅಡವಿಟ್ಟರು, ಇರುವವರು ಇಟ್ಟುಕೊಂಡರು.

ಚಾಮರಾಜರು ಅಡವು ಹಿಡಿದಿದ್ದ ವರ್ತಕರನ್ನು ಕರೆಯಿಸಿ, ಅವರ ಸಾಲವನ್ನು ತಾವು ತೀರಿಸುವುದಾಗಿ ಹೇಳಿದರು. ವರ್ತಕರು ಹಣವನ್ನು ತೆಗೆದುಕೊಳ್ಳಲಿಲ್ಲ. ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಆ ಅಡವನ್ನು ಬಿಟ್ಟುಕೊಡುವುದಾಗಿ ಹೇಳಿದರು. ದೇವರ ಮತ್ತು ಗುರುಗಳ ಸನ್ನಿಧಿಯಲ್ಲಿ ಧಾರಾಪೂರ್ವಕವಾಗಿ ಅದನ್ನು ಬಿಡಿಸಲಾಯಿತು. ಮುಂದೆ ಸ್ಥಾನಿಕರು ದೇವರ ಭೂಮಿಯನ್ನು ಅಡವು ಹಾಕಬಾರದು, ಅಂಥ ಅಡವಿನ ಮೇಲೆ ಯಾರೂ ಸಾಲ ಕೊಡಬಾರದು, ಹಾಗೆ ಮಾಡಿದ ಇಬ್ಬರೂ ಸಮಾಜದಿಂದ ಹೊರಗಾಗುತ್ತಾರೆ ಎಂದು ಕಟ್ಟಳೆಯಾಯಿತು.

ಈ ಪ್ರಸಂಗವನ್ನು ವರ್ತಕರ ಔದಾರ್ಯದ ಕಥೆಯಾಗಿ ಮಾತ್ರ ಓದುವುದು ಸುಲಭ. ಅವರು ಕೊಟ್ಟ ಸಾಲದ ಹಣ ನಿಜವಾಗಿ ಅವರದೇ. ಅರಸನು ಕೊಡಲು ಮುಂದಾದಾಗ ಅದನ್ನು ಬಿಟ್ಟದ್ದು ದಾನವೇ ಸರಿ. ಆದರೆ ಅವರ ವಶದಲ್ಲಿದ್ದ ಭೂಮಿ ಅವರದಲ್ಲ. ಅಡವಿಟ್ಟ ಸ್ಥಾನಿಕರದೂ ಅಲ್ಲ. ಅದು ದೇವರದು, ಎಂದರೆ ಸಮುದಾಯದ್ದು. ಅದನ್ನು ಹಿಂದಿರುಗಿಸಿದ್ದು ದಾನವಲ್ಲ, ಪರಿಹಾರ. ಒಂದೇ ಧಾರೆಯ ನೀರಿನಲ್ಲಿ ಈ ಎರಡು ಕೆಲಸಗಳು ನಡೆದಿವೆ. ಶಾಸನವು ವರ್ತಕರ ಮಾನವನ್ನು ಉಳಿಸಿ ಮೊದಲನೆಯದನ್ನು ಎತ್ತಿ ಹೇಳಿದೆಯಾದರೂ, ಅದರ ಕೊನೆಯ ಕಟ್ಟಳೆ ಎರಡನೆಯದನ್ನು ಮರೆತಿಲ್ಲ. ಅಡವು ಹಾಕಿದವನಷ್ಟೇ ಅಡವು ಹಿಡಿದವನೂ ತಪ್ಪಿತಸ್ಥನೆಂದು ಅದು ಸಾರುತ್ತದೆ. ಕಳವಿನ ವಸ್ತುವನ್ನು ಕೊಂಡವನೂ ಹೊಣೆಗಾರನೆಂಬ ಹಳೆಯ ಅತಿಚಾರದ ಮಾತು ಇಲ್ಲಿ ರಾಜಾಜ್ಞೆಯ ರೂಪ ತಾಳಿದೆ. ‘ನಾನು ಪತ್ರ ಬರೆಸಿಕೊಂಡೇ ಸಾಲ ಕೊಟ್ಟಿದ್ದೇನೆ’ ಎಂಬ ಸಮಾಧಾನಕ್ಕೆ ಅಲ್ಲಿ ಅವಕಾಶವಿಲ್ಲ.

ಇಂದಿನ ಕಾನೂನು ಮತ್ತು ಹಳೆಯ ಪ್ರಶ್ನೆ

ಭಾರತದ 2013ರ ಕಂಪನಿ ಕಾಯಿದೆಯ 135ನೆಯ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 500 ಕೋಟಿ ರೂಪಾಯಿಗಳ ನಿವ್ವಳ ಮೌಲ್ಯ, 1000 ಕೋಟಿಯ ವಹಿವಾಟು ಅಥವಾ 5 ಕೋಟಿಯ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ಶಿಕ್ಷಣ, ಆರೋಗ್ಯ, ಪರಿಸರ, ಪರಂಪರೆಯ ರಕ್ಷಣೆ ಮೊದಲಾದ ಕ್ಷೇತ್ರಗಳನ್ನು ಕಾಯಿದೆಯ ಅನುಸೂಚಿ ಹೆಸರಿಸಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಪೈಕಿ ಮೊದಲ ಮೂರಕ್ಕೆ ಈ ಪಟ್ಟಿ ಬಹಳ ಸಮೀಪ. ನೂರಕ್ಕೆ ಒಂದೆಂದು ಬೆಳಗೊಳದ ರತ್ನವ್ಯಾಪಾರಿಗಳು ತಾವಾಗಿ ಒಪ್ಪಿದ್ದನ್ನು ಇಂದು ನೂರಕ್ಕೆ ಎರಡೆಂದು ಕಾನೂನು ವಿಧಿಸಿದೆ.

ಆದರೆ ಅದರ ನಿಯಮಗಳೇ ಇನ್ನೊಂದು ಮಾತನ್ನು ಸ್ಪಷ್ಟಪಡಿಸುತ್ತವೆ: ಕಂಪನಿಯು ತನ್ನ ಸಾಮಾನ್ಯ ವ್ಯವಹಾರದ ಅಂಗವಾಗಿ ಮಾಡುವ ಕೆಲಸಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಪತ್ರದ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಇದರ ಫಲವಾಗಿ ಸಾಮಾಜಿಕ ಹೊಣೆಗಾರಿಕೆ ಎಂಬ ದೊಡ್ಡ ಮಾತು ಲಾಭ ಬಂದ ಮೇಲಿನ ವಿನಿಯೋಗಕ್ಕೆ ಮಾತ್ರ ಮೀಸಲಾಗಿ, ಲಾಭ ಬಂದ ಬಗೆ ಅದರ ವ್ಯಾಪ್ತಿಯಿಂದ ಹೊರಗೆ ಉಳಿದಿದೆ. ಅಳತೆ, ಕಲಬೆರಕೆ, ಸುಂಕ, ಕೂಲಿಗಳಿಗೆ ಬೇರೆ ಬೇರೆ ಕಾನೂನುಗಳಿವೆ. ಅವೆಲ್ಲ ಒಂದೇ ಧರ್ಮದ ಅಂಗಗಳೆಂಬ ಭಾವನೆ ಮಾತ್ರ ಚದುರಿಹೋಗಿದೆ.

ಇದರ ಪರಿಣಾಮವನ್ನು ಸತ್ಯಂ ಕಂಪ್ಯೂಟರ್ ಸರ್ವೀಸಸ್ ಪ್ರಕರಣ ತೋರಿಸಿಕೊಟ್ಟಿತು. 2009ರ ಜನವರಿ 7ರಂದು ಆ ಸಂಸ್ಥೆಯ ಅಧ್ಯಕ್ಷರೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ 5000 ಕೋಟಿ ರೂಪಾಯಿಗಳಿಗೂ ಮಿಕ್ಕ ನಗದು ಮತ್ತು ಬ್ಯಾಂಕ್ ಶಿಲ್ಕು ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಕೆಲವೇ ತಿಂಗಳುಗಳ ಹಿಂದೆ ಆ ಸಂಸ್ಥೆ ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿ ಪಡೆದಿತ್ತು. ಅದೇ ಅಧ್ಯಕ್ಷರ ಕುಟುಂಬವು 2005ರಲ್ಲಿ ಹೈದರಾಬಾದಿನಲ್ಲಿ ಆರಂಭಿಸಿದ ಸಂಸ್ಥೆಯೇ 108 ಆಂಬುಲೆನ್ಸ್ ಸೇವೆಯನ್ನು ರೂಪಿಸಿದ್ದು. ಕರ್ನಾಟಕಕ್ಕೂ 2008ರಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಅದು ಬಂದಿತು. ಆ ವಾಹನಗಳು ಉಳಿಸಿದ ಜೀವಗಳು ಸುಳ್ಳಲ್ಲ. ಕೂಟಲೇಖವೂ ಸುಳ್ಳಲ್ಲ. ಒಂದು ಇನ್ನೊಂದನ್ನು ತೊಳೆಯಲಾರದು ಎಂಬುದನ್ನು ಒಪ್ಪಿಕೊಳ್ಳಲು ಸಮಾಜಕ್ಕೆ ಯಾವಾಗಲೂ ಕಷ್ಟ. ಏಕೆಂದರೆ ದಾನ ಕಣ್ಣಿಗೆ ಕಾಣುತ್ತದೆ, ಗಳಿಕೆಯ ದಾರಿ ಕಾಣುವುದಿಲ್ಲ.

ಉದ್ಯಮಾಡಳಿತದ ತರಗತಿಗಳಲ್ಲಿ ವ್ಯಾಪಾರನೀತಿಯನ್ನು ಪಾಶ್ಚಾತ್ಯ ಸಿದ್ಧಾಂತಗಳಿಂದ ಆರಂಭಿಸುವುದು ರೂಢಿ. ಅದಕ್ಕೆ ಪೂರಕವಾಗಿ ಕನ್ನಡ ನಾಡಿನ ಶಾಸನಗಳನ್ನು ಓದಿಸಬೇಕಾದುದು ಅಭಿಮಾನಕ್ಕಾಗಿ ಅಲ್ಲ. ಶಿಕಾರಿಪುರದ ಶಾಸನದ ವಾಕ್ಯಾನುಕ್ರಮ, ಬೆಳಗೊಳದ ರತ್ನವ್ಯಾಪಾರಿಗಳ ಒಪ್ಪಂದ, ಚವುಡಿಸೆಟ್ಟಿ ಬಿಡಿಸಿದ ಅಡವು, ಚಾಮರಾಜರ ಕಟ್ಟಳೆ ಇವೆಲ್ಲವೂ ನಿರ್ವಾಹಕನೊಬ್ಬನು ತನ್ನ ಮೇಜಿನ ಮುಂದೆ ಎದುರಿಸುವ ಪ್ರಶ್ನೆಗಳೇ ಆಗಿವೆ. ಈ ಸರಕು ಎಲ್ಲಿಂದ ಬಂದಿತು? ರಾಜ್ಯಕ್ಕೆ ಸಲ್ಲಬೇಕಾದುದು ಸಂದಿದೆಯೇ? ಹೊರೆ ಹೊತ್ತವರು ಯಾರು, ಎಷ್ಟು ಹೊತ್ತರು? ಎದುರಿನವನು ಮರೆತದ್ದನ್ನು ನೆನಪಿಸಿದೆವೇ? ಇವುಗಳಿಗೆ ಉತ್ತರ ಸಿಕ್ಕ ಮೇಲೆ ಉಳಿಯುವುದೇ ‘ಸ್ವ’. ಶೇಕಡಾ ಎರಡರ ಲೆಕ್ಕ ಅದರ ಮೇಲೆ ನಡೆದರೆ ಮಾತ್ರ ಅದು ದಾನವಾದೀತು.